ನಿಮ್ಮ ಪಾಳಿ ರದ್ದಾಗ್ಯಾದ್ರಿ

"ನನಗ ನಿಮ್ಮ ದನಿ ಬೇಕಾಗ್ಯಾದ್ರಿ."

ಶಹಾಪುರದ ಬಸ್ ನಿಲ್ದಾಣದಲ್ಲಿ ಪ್ರಕಟಣೆ ಹೇಳುವ ಪುಟ್ಟ ಕೋಣೆ. ಅದರ ಕಿಟಕಿಗೆ ಮುಖವಿಟ್ಟು, ಗುರುತಿಲ್ಲದ ಯುವಕನೊಬ್ಬ ಹೀಗಂದರೆ ಯಾವ ಹುಡುಗಿಯ ಎದೆ ಧಸಕ್ಕೆನ್ನುವುದಿಲ್ಲ? ಮೋನಮ್ಮನ ಎದೆಯೂ ಧಸಕ್ಕೆಂದಿತು.

ಅದಕ್ಕಿಂತ ದೊಡ್ಡ ಸಂಕಟ ಬೇರೆ ಇತ್ತು. ಅವಳ ಮುಂದಿನ ಮೈಕು ಚಾಲೂ ಇತ್ತು.

ಹಾಗಾಗಿ ಆ ಮಾತನ್ನು ಅವಳೊಬ್ಬಳೇ ಕೇಳಲಿಲ್ಲ. ಸುರಪುರದ ಬಸ್ಸಿಗೆ ಕಾಯುತ್ತ ನಿಂತಿದ್ದ ಅರ್ಧ ಶಹಾಪುರ ಕೇಳಿತು. ಶೇಂಗಾ ಮಾರುವ ಹೆಂಗಸು ಬುಟ್ಟಿ ಕೆಳಗಿಟ್ಟು ನಗತೊಡಗಿದಳು.

ಮೋನಮ್ಮ ತಡಬಡಿಸಿ ಗುಂಡಿ ಒತ್ತಿದಳು. ಕಿವಿಯವರೆಗೆ ಬಿಸಿಯೇರಿತ್ತು.

"ಏನ್ ಮಾತ್ರಿ ಇದು? ಮರ್ಯಾದಿ ಅದನೋ ಇಲ್ಲೋ ನಿಮಗ?"

"ಇಲ್ರಿ... ಅಂದ್ರ, ಅದರಿ." ಅವನೂ ಬೆವೆತಿದ್ದ. "ಕಾಲುವಿ ನೀರಿನ ಕೆಲಸ ಅದರಿ. ಪೂರಾ ಕೇಳಿ ಬೈರಿ."

ಕೇಳಿದಳು. ಅಲ್ಲಿಂದಲೇ ಎಲ್ಲ ಶುರುವಾಯಿತು.

ಅವನು ಈಶಪ್ಪ, ಸುರಪುರದ ಹತ್ತಿರದ ದೇವಾಪುರದವನು. ಕೃಷ್ಣೆಯ ಕಾಲುವೆ ಬಂದಾಗಿನಿಂದ ಆ ಸೀಮೆಯಲ್ಲಿ ದೇವರ ಹೆಸರಿಗಿಂತ ಹೆಚ್ಚಾಗಿ ಬಾಯಿಗೆ ಬರುವ ಮಾತು ಪಾಳಿ. ಒಂದು ತೂಬಿನ ಕೆಳಗೆ ಹತ್ತಾರು ಹೊಲ. ನೀರು ಒಬ್ಬರ ಪಾಳಿ ಮುಗಿದ ಮೇಲೆ ಇನ್ನೊಬ್ಬರಿಗೆ. ಪಾಳಿ ಬಂದಾಗ ಹೊಲದಲ್ಲಿ ಇಲ್ಲದವನ ನೀರು ಪಕ್ಕದವನ ಗದ್ದೆಗೆ; ಮರುದಿನ ಇಬ್ಬರ ಕೈಯಲ್ಲೂ ಬಡಿಗೆ. ಸುರಪುರದ ನೀರು ಬಳಕೆದಾರರ ಸಂಘದಲ್ಲಿ ಕೆಲಸಕ್ಕಿದ್ದ ಈಶಪ್ಪ ಈ ಜಗಳ ನೋಡಿ ನೋಡಿ ಬೇಸತ್ತು ಒಂದು ಸಾಫ್ಟ್‌ವೇರ್ ಬರೆದಿದ್ದ. ಹೆಸರೂ 'ಪಾಳಿ'ಯೇ. ನೀರು ಬರುವ ಹಿಂದಿನ ದಿನ ಅದು ತಾನಾಗಿಯೇ ಹೊಲದವರಿಗೆ ಫೋನು ಮಾಡಿ ಹೇಳುತ್ತಿತ್ತು. ಎಲ್ಲ ಇತ್ತು, ಹೇಳಲು ದನಿಯೊಂದಿರಲಿಲ್ಲ.

"ಸಂಘದ ಕೆಲಸಕ್ಕ ಬಂದಾಗೆಲ್ಲ ಈ ಸ್ಟ್ಯಾಂಡಿನಾಗ ಇಳೀತೀನ್ರಿ," ಅಂದ ಅವನು. "ನಿಮ್ಮ ದನಿ ಕೇಳಿದ್ರ ಮಲಗಿದ ಮನಷ್ಯಾನೂ ಎದ್ದು ಬಸ್ ಹತ್ತತಾನ. ನೀರಿಗೂ ಹಂಗ ಏಳಬೇಕು."

ಹೊಗಳಿಕೆಯೋ ಚೇಷ್ಟೆಯೋ ತಿಳಿಯಲಿಲ್ಲ. ಆದರೂ ಮುಂದಿನ ರಜೆಯ ದಿನ ಅವಳು ಸುರಪುರದ ಸಂಘದ ಕಚೇರಿಯಲ್ಲಿದ್ದಳು.

ಹೊರಗಿನ ಸದ್ದು ಬರಬಾರದೆಂದು ಈಶಪ್ಪ ಕಿಟಕಿಗಳಿಗೆ ತನ್ನ ತಾಯಿ ದೇವಕಮ್ಮ ಹಳೆ ಸೀರೆ ಸೇರಿಸಿ ಹೊಲಿದ ದಪ್ಪ ಕೌದಿಗಳನ್ನು ಕಟ್ಟಿದ್ದ. ಮೋನಮ್ಮ ಗಂಟಲು ಸರಿಮಾಡಿಕೊಂಡು ಬಸ್ ನಿಲ್ದಾಣದ ಠೀವಿಯಲ್ಲೇ ಹೇಳಿದಳು: "ಮಾನ್ಯ ರೈತ ಬಾಂಧವರೇ, ತಮ್ಮ ಸರದಿಯು ನಾಳೆ ಬೆಳಿಗ್ಗೆ ಆರು ಗಂಟೆಗೆ ನಿಗದಿಯಾಗಿರುತ್ತದೆ."

ಮೊದಲ ಫೋನು ಸಂಘದ ಅಧ್ಯಕ್ಷ ಜಗದೇವಪ್ಪನವರಿಗೇ ಹೋಯಿತು. ಅವರು ಅರ್ಧ ಕೇಳಿ, "ಬ್ಯಾಡವಾ ತಂಗೀ, ನಮಗ ಯಾವ ಲೋನೂ ಬ್ಯಾಡ," ಅಂತ ಕಟ್ ಮಾಡಿಬಿಟ್ಟರು.

ಈಶಪ್ಪ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡ. "ಸ್ಟ್ಯಾಂಡಿನ ಭಾಷಾ ಬಿಡ್ರಿ. ಮನ್ಯಾಗ ಹ್ಯಾಂಗ ಮಾತಾಡ್ತೀರಿ, ಹಂಗ ಹೇಳ್ರಿ."

"ಮನ್ಯಾಗ ನಾ ಮಾತೇ ಆಡಂಗಿಲ್ರಿ. ಹೆಸರೇ ಮೋನಮ್ಮ."

ಅದು ನಿಜ. ತಿಂಥಣಿಯ ಮೌನೇಶ್ವರನಿಗೆ ಹರಕೆ ಹೊತ್ತು ಹೆತ್ತ ಮಗಳೆಂದು ತಾಯಿ ಮರಿಲಿಂಗಮ್ಮ ಇಟ್ಟ ಹೆಸರು. ಹೆಸರಿನಂತೆಯೇ ಹುಡುಗಿ, ಮೈಕಿನ ಮುಂದೆ ಅರಳು ಹುರಿದಂತೆ ಮಾತು, ಮನುಷ್ಯರ ಮುಂದೆ ಬಾಯಿಗೆ ಬೀಗ. ಆದರೆ ಆ ಕೌದಿಗಳ ನಡುವೆ, ಅವನೊಬ್ಬನ ಎದುರು, ಬೀಗ ಹೇಗೋ ಸಡಿಲವಾಯಿತು.

"ನಮಸ್ಕಾರ್ರೀ. ನಿಮ್ಮ ಪಾಳಿ ನಾಳಿ ಮುಂಜಾನಿ ಆರಕ್ಕ ಬರ್ತದ್ರಿ. ಹೊಲದಾಗ ಇರ್ರಿ."

ಈ ಸಲ ಜಗದೇವಪ್ಪನವರು ಫೋನಿಗೇ ಉತ್ತರ ಕೊಟ್ಟರು: "ಹೂಂನವಾ, ಇರ್ತೀನಿ."

ಅಲ್ಲಿಂದ ರಜೆ ಬಂದಾಗಲೆಲ್ಲ ಅವಳು ಸುರಪುರಕ್ಕೆ. ಊರ ಹೆಸರು, ಹೊತ್ತು, ವಾರ, ಒಂದೊಂದನ್ನೂ ಬಿಡಿಬಿಡಿಯಾಗಿ ಹೇಳಬೇಕು. ಸಾಫ್ಟ್‌ವೇರ್ ಅವನ್ನು ಜೋಡಿಸಿ ಮಾತು ಮಾಡುತ್ತದೆ. ಈಶಪ್ಪನಿಗೊಂದು ರೂಢಿ. ಅಂದಂದಿನ ದನಿಯನ್ನು ಅಂದೇ ಸಂಜೆ ಒಂದೂ ಬಿಡದೆ ಕೇಳಿ, ತುದಿಯಲ್ಲಿ ಉಳಿದ ಉಸಿರನ್ನು ಕತ್ತರಿಸುತ್ತಿದ್ದ.

'ನನ್ನ ಉಸಿರು ಇವರಿಗೆ ಬೇಡವಾ?' ಅಂತ ಒಮ್ಮೆ ಅಂದುಕೊಂಡು, ಅಂದುಕೊಂಡದ್ದಕ್ಕೇ ನಾಚಿದ್ದಳು ಮೋನಮ್ಮ. ಪ್ರೀತಿ ಯಾವಾಗ ಬಂತೆಂದು ಅವಳನ್ನು ಕೇಳಿದರೆ ಹೇಳಲಾರಳು. ಬಂದಿತ್ತು, ಅಷ್ಟೇ.

ಅಷ್ಟರಲ್ಲಿ ಹೈದರಾಬಾದಿನ ಒಂದು ಕಂಪನಿ 'ಪಾಳಿ'ಯನ್ನು ಕೊಂಡಿತು. ಅಧ್ಯಕ್ಷರೇ ಒಪ್ಪಿದ ಮೇಲೆ ಈಶಪ್ಪ ಬೇಡ ಅನ್ನುವುದೆಲ್ಲಿ? ಕಂಪನಿ ಅದಕ್ಕೆ ಬೀಗ ಜಡಿಯಿತು. ವರ್ಷ ವರ್ಷ ಬಾಡಿಗೆ ಕೊಟ್ಟ ಸಂಘಕ್ಕೆ ಮಾತ್ರ ಕೀಲಿ. ಒಳಗಿನ ಬರಹವನ್ನು, ಸೋರ್ಸ್ ಕೋಡ್ ಅನ್ನುತ್ತಾರಲ್ಲ ಅದನ್ನು, ತಮಗೆ ಬೇಕಾದಂತೆ ತಿದ್ದಿಕೊಂಡರು. ಮೊದಲು ಬರೆದವನಿಗೂ ನೋಡಲು ಬಿಡಲಿಲ್ಲ. ಹೊಲದವರ ಹೆಸರು, ಫೋನು ತುಂಬುವುದಷ್ಟೇ ಈಶಪ್ಪನ ಪಾಲಿಗೆ ಉಳಿಯಿತು.

ದನಿ ಹಿಡಿಯುವ ಕೊನೆಯ ದಿನ ಕಂಪನಿಯವರು ಕೇಳಿದ ಹೊಸ ಮಾತುಗಳಲ್ಲಿ 'ರದ್ದಾಗ್ಯಾದ್ರಿ' ಎಂಬುದೂ ಒಂದಿತ್ತು.

"ಇದು ಯಾತಕ್ರಿ?" ಕೇಳಿದ್ದಳು.

"ಅವರು ಏನು ಮಾಡ್ತಾರೋ ನನಗೂ ಗೊತ್ತಿಲ್ರಿ," ಅಂದಿದ್ದ ಈಶಪ್ಪ. ಅಷ್ಟರಲ್ಲಿ ಯಾರೋ ಕರೆದರು, ಹೊರಗೆ ಹೋದ.

ಕೌದಿಗಳ ನಡುವೆ ಅವಳೊಬ್ಬಳೇ. ಎದುರಿಗೆ ಮೈಕು.

'ಇವತ್ತು ಬಿಟ್ಟರೆ ಇನ್ನಿಲ್ಲ... ಮುಖ ನೋಡಿ ಹೇಳುವ ಧೈರ್ಯ ಈ ಜನ್ಮಕ್ಕೆ ಬರುವುದಿಲ್ಲ...'

ಗುಂಡಿ ಒತ್ತಿದಳು. "ಊರೂರಿಗಿ ಪಾಳಿ ಹೇಳಿದೆ. ನನಗಂತೂ ಹೊಲ ಇಲ್ಲ, ಪಾಳಿನೂ ಇಲ್ಲ. ಖರೇ ಹೇಳ್ರಿ ಈಶಪ್ಪನೋರ... ನಿಮ್ಮ ಮನಿಗಿ ಬರಾಕ ನನ್ನ ಪಾಳಿ ಯಾವಾಗ?"

ಆ ತುಣುಕಿಗೆ 'ಕೊನೀದು' ಅಂತ ಹೆಸರಿಟ್ಟು, ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು. ಸಂಜೆ ಅವನು ಕೇಳುತ್ತಾನೆ. ನಾಳೆ ಏನಾದರೂ ಹೇಳುತ್ತಾನೆ.

ಮರುದಿನ ಮಧ್ಯಾಹ್ನ, ಕಲಬುರಗಿಯ ಬಸ್ಸು ಹೊರಡುವ ಹೊತ್ತಿಗೆ ಅವಳ ಫೋನು ಬಡಿದುಕೊಂಡಿತು. ಗುರುತಿಲ್ಲದ ನಂಬರು. ಕಿವಿಗಿಟ್ಟರೆ, ಆ ಕಡೆಯಿಂದ ಬಂದದ್ದು ಅವಳದೇ ದನಿ.

"ನಮಸ್ಕಾರ್ರೀ. ನಿಮ್ಮ ಪಾಳಿ... ರದ್ದಾಗ್ಯಾದ್ರಿ."

ಮೇಲೆಲ್ಲೋ ಕಾಲುವೆಯ ಒಡ್ಡು ಒಡೆದು ನೀರು ಬಂದ್ ಆಗಿದೆ ಅನ್ನುವ ಸುದ್ದಿ ನಿಲ್ದಾಣದಲ್ಲೆಲ್ಲ ಹಬ್ಬಿತ್ತು. ಅದು ಅವಳಿಗೂ ಗೊತ್ತಿತ್ತು. ಆದರೆ ಅವಳಿಗೆಲ್ಲಿಯ ಹೊಲ? ಅಪ್ಪ ಚಂದ್ರಾಮಪ್ಪ ಶಾಲೆಯ ಗುಮಾಸ್ತ. ಹಿತ್ತಲಲ್ಲಿ ಒಂದು ಕರಿಬೇವಿನ ಗಿಡ ಬಿಟ್ಟರೆ ನೀರು ಕೇಳುವ ಬೇರೆ ಏನೂ ಇಲ್ಲ. ಅವಳಿಗೆ ಈ ಫೋನು ಬರಬೇಕಾದರೆ ಯಾರೋ ಬೇಕೆಂದೇ ಮಾಡಿರಬೇಕು.

ಕೇಳಿದ್ದಳು. ಉತ್ತರ ಬಂತು. ಅದೂ ಅವಳದೇ ದನಿಯಲ್ಲಿ!

'ಇಲ್ಲ ಅನ್ನಬಹುದಿತ್ತು. ಸುಮ್ಮನಿರಬಹುದಿತ್ತು. ನನ್ನ ಬಾಯಿಂದಲೇ ನನಗೆ ಇಲ್ಲ ಅನ್ನಿಸಬೇಕಿತ್ತಾ...'

ಆ ವಾರವೇ ಅವಳು ಕೆಲಸ ಬಿಟ್ಟಳು. ಕನ್ನಡ ಎಂ.ಎ. ಓದಿಕೊಂಡಿದ್ದವಳು, ಯಾದಗಿರಿಯ ಖಾಸಗಿ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳಲು ಸೇರಿದಳು. ಈಶಪ್ಪನ ನಂಬರನ್ನೂ ಆ ಗುರುತಿಲ್ಲದ ನಂಬರನ್ನೂ ಬ್ಲಾಕ್ ಮಾಡಿದಳು. ಮನೆಗೆ ಬಂದಿದ್ದನಂತೆ, ಅವ್ವ ಹೇಳಿದಳು.

ಮೂರು ವರ್ಷ ಕಳೆಯಿತು.

"ಮೋನಾ, ಕೇಳಿದಿ?" ಬೋನಾಳದ ಮದೀನಾಬೀ ಅವಳ ಜೊತೆಗೇ ಪಾಠ ಹೇಳುವವಳು, ಅವಳ ಮನೆಯವರು ಕಾಲುವೆ ನೀರಿನ ರೈತರು. ಆ ದಿನ ಸ್ಟಾಫ್ ರೂಮಿಗೆ ಬರುತ್ತಲೇ ಹೇಳಿದಳು. "ನಿನ್ನ ದನಿ ಮತ್ತ ಬರ್ತದಂತ ನೋಡು. ಆ ಹೈದರಾಬಾದ್ ಕಂಪನಿ ಮುಚ್ಚಾಕತ್ತದ. ಪಾಳಿದು ಬೀಗ ತೆಗದು ಎಲ್ಲಾ ಮಂದಿಗಿ ಪುಕ್ಕಟ ಬಿಟ್ಟಾರಂತ. ಸೋರ್ಸ್ ಕೋಡು, ನಿನ್ನ ದನಿ, ಏನೈತಿ ಎಲ್ಲಾ. ಸುರಪುರ ಸಂಘದೋರು ಇವತ್ತು ಸಂಜೀಕ ಇಂಟರ್‌ನೆಟ್ಟಿಗಿ ಹಾಕ್ತಾರ."

"ದನಿನೂ?" ಮೋನಮ್ಮ ತಿದ್ದುತ್ತಿದ್ದ ಪುಸ್ತಕ ಮುಚ್ಚಿದಳು.

"ಹೂಂ. ಯಾರ ಬೇಕಾದರೂ ಇಳಿಸಿಕೊಂಡು ಕೇಳಬಹುದಂತ. ಯಾಕ, ಮಾರಿ ಯಾಕ ಹಿಂಗಾತು?"

ಮೋನಮ್ಮನಿಗೆ ಕೇಳಿಸಲಿಲ್ಲ. ಅವಳ ಕಿವಿಯಲ್ಲಿ ಒಂದೇ ಒಂದು ತುಣುಕು ಓಡುತ್ತಿತ್ತು. *ನಿಮ್ಮ ಮನಿಗಿ ಬರಾಕ ನನ್ನ ಪಾಳಿ ಯಾವಾಗ?*

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅನ್ನುತ್ತಾರೆ. ಆಡಿದ ಮಾತು ಮೂರು ವರ್ಷ ಬೀಗದೊಳಗಿದ್ದು ಈಗ ಬೀದಿಗೆ ಬರಲು ಹೊರಟಿತ್ತು. ಮೊದಲು ಇಳಿಸಿಕೊಳ್ಳುವವರು ಯಾರು? ಅವಳ ಅಪ್ಪನೇ! ಮಗಳ ದನಿಯ ಹುಚ್ಚು ಆ ಮನುಷ್ಯನಿಗೆ. ಹಿಂದೆ ಜಗದೇವಪ್ಪನವರ ಫೋನಿನಿಂದ ತುಂಬಿಸಿಕೊಂಡು ಶಹಾಪುರದ ಹೋಟೆಲಿನಲ್ಲಿ ಚಹಾ ಕುಡಿಯುವವರಿಗೆಲ್ಲ ಕೇಳಿಸಿದ್ದರು. ಈಗಲೂ ಹಾಗೆಯೇ ದೊಡ್ಡದಾಗಿ ಇಟ್ಟು, ಒಂದಾದ ಮೇಲೆ ಒಂದು ಕೇಳಿಸುತ್ತ ಹೋದರೆ... ಆ 'ಕೊನೀದು' ಬಂದರೆ...

ಪ್ರೀತಿಸಿದ್ದಳು ಅಂದರೆ ಜನ ಒಂದು ದಿನ ಆಡಿಕೊಂಡಾರು. ತಾನಾಗಿ ಕೇಳಿ, ಇಲ್ಲವೆನ್ನಿಸಿಕೊಂಡವಳು ಅಂದರೆ? ಅಪ್ಪ ಆ ಹೋಟೆಲಿನಿಂದ ತಲೆಯೆತ್ತಿ ಹೇಗೆ ಹೊರಬರಬೇಕು?

ಅರ್ಧ ದಿನದ ರಜೆ ಹಾಕಿ ಬಸ್ಸು ಹತ್ತಿದಳು. ಯಾದಗಿರಿಯಿಂದ ಶಹಾಪುರ, ಅಲ್ಲಿಂದ ಸುರಪುರ. ಭೀಮಾ ಸೇತುವೆಯ ಮೇಲೆ ಬಸ್ಸು ನಿಧಾನಿಸಿದರೆ ಅವಳ ಜೀವ ಮುಂದಕ್ಕೆ ಹಾರುತ್ತಿತ್ತು. ಶಹಾಪುರದ ನಿಲ್ದಾಣದಲ್ಲಿ ಈಗ ಯಾರೋ ಬೇರೆ ಹುಡುಗಿಯ ದನಿ. ಚಾಲಕ ಚಹಾಕ್ಕೆ ಇಳಿದವನು ಬರಲೇ ಇಲ್ಲ.

'ಈಗಾಗಲೇ ಹಾಕಿಬಿಟ್ಟರೆ? ಅವರು ಅಲ್ಲಿರದಿದ್ದರೆ? ಇದ್ದರೆ... ಇದ್ದರೆ ಅವರ ಮುಖ ಹೇಗೆ ನೋಡಲಿ?'

ದಾರಿಯುದ್ದಕ್ಕೂ ಕಾಲುವೆ ತುಂಬಿ ಹರಿಯುತ್ತಿತ್ತು. ಅವಳು ಕಣ್ಣೆತ್ತಿ ನೋಡಲಿಲ್ಲ.

ಸಂಘದ ಕಚೇರಿಯ ಬಾಗಿಲು ತೆರೆದೇ ಇತ್ತು. ಕಿಟಕಿಗಳಲ್ಲಿ ಅದೇ ಕೌದಿಗಳು, ಬಣ್ಣ ಮಾಸಿದ್ದವು. ಕಂಪ್ಯೂಟರಿನ ಮುಂದೆ ಈಶಪ್ಪ ಒಬ್ಬನೇ ಕೂತಿದ್ದ. ತಿರುಗಿ ನೋಡಿದವನು ಎದ್ದು ನಿಂತ. ಕುರ್ಚಿ ಹಿಂದಕ್ಕೆ ಬಿತ್ತು.

"ಮೋನಮ್ಮ..."

"ಹಾಕೀರಿ?"

"ಏನು?"

"ಇಂಟರ್‌ನೆಟ್ಟಿಗಿ. ಹಾಕೀರೋ ಇಲ್ಲೋ?"

"ಇಲ್ರಿ. ಅಧ್ಯಕ್ಷರು ಸಂಜೀಕ ಬಂದ ಮ್ಯಾಲ."

ಅವಳಿಗೆ ಉಸಿರು ತಿರುಗಿತು. ಬಾಗಿಲ ಚೌಕಟ್ಟು ಹಿಡಿದೇ ಹೇಳಿದಳು. "ಒಂದು ಫೈಲ್ ತೆಗೀಬೇಕ್ರಿ. ತೆಗದ್ರ ನಾ ಹೋಗ್ತೀನಿ. ಬ್ಯಾರೆ ಮಾತೇನಿಲ್ಲ."

"ಯಾವ ಫೈಲು?"

"ಗೊತ್ತಿಲ್ಲದೋರಂಗ ಕೇಳಬ್ಯಾಡ್ರಿ. ಕೊನೀದು. ಕೇಳೀರಿ, ಜವಾಬೂ ಕೊಟ್ಟೀರಿ. ಮುಗೀತು. ಅದನ್ನ ಊರಿಗೆಲ್ಲ ಯಾಕ ಕೇಳಸ್ತೀರಿ?"

ಈಶಪ್ಪನ ಹುಬ್ಬು ಗಂಟಾಯಿತು. "ನಾ ಏನೂ ಕೇಳಿಲ್ರಿ. ಆ ದಿನ ನೀವು ಹೋಗಿದ್ದ ತಡ, ಕಂಪನಿಯೋರು ದನಿ ಹಿಡಿಯೋ ಲ್ಯಾಪ್‌ಟಾಪ್ ಎತ್ತಿಕೊಂಡು ಹೋದ್ರು. ಹೋದ ವಾರ ಎಲ್ಲಾ ತಿರುಗಿ ಬಂತು. ಕೋಡ್ ಪೂರಾ ಓದೀನಿ. ನಿಮ್ಮ ದನಿ ಇರೋ ಫೋಲ್ಡರ್ ಮಾತ್ರ ತೆಗದಿಲ್ಲ."

"ಯಾಕ?"

ಅವನು ನೆಲ ನೋಡಿದ. "ಧೈರ್ಯ ಆಗಲಿಲ್ರಿ. ನಿಮ್ಮನ್ನ ಕೇಳದೇ ನಿಮ್ಮ ದನಿ ಮಾರಿದ್ವಿ ಅಂತ ನೀವು ಸಿಟ್ಟಾಗಿ ಹೋದ್ರಿ ಅಂದುಕೊಂಡೆ. ಯಾದಗಿರಿಗಿ ಬಂದಿದ್ದೆ, ಕಾಲೇಜಿನ ಗೇಟಿನ ತನಕ. ಯಾವ ಮಾರಿ ತೊಗೊಂಡು ಒಳಗ ಬರಬೇಕು?"

ಮೋನಮ್ಮ ಅವನನ್ನೇ ನೋಡಿದಳು. ಸುಳ್ಳು ಹೇಳುವ ಮುಖ ಅದಾಗಿರಲಿಲ್ಲ. ಆದರೆ ಆ ಫೋನು?

"ಹಂಗಾದ್ರ ನನಗ ಫೋನ್ ಯಾರು ಮಾಡಿದ್ರು? ಮರುದಿನ ಮಧ್ಯಾಹ್ನ. ನಿಮ್ಮ ಪಾಳಿ ರದ್ದಾಗ್ಯಾದ್ರಿ ಅಂತ, ನಂದೇ ದನಿಯಾಗ."

"ರದ್ದು ಅಂತ... ನಿಮಗ?"

ಅವನು ಬಿದ್ದ ಕುರ್ಚಿ ಎತ್ತಲಿಲ್ಲ. ನಿಂತೇ ಮೌಸು ಹಿಡಿದು, ಪರದೆಯ ಮೇಲಿನ ಬರಹವನ್ನು ಸರಸರ ಕೆಳಗೆ ಎಳೆದ. ಒಂದು ಕಡೆ ಕೈ ನಿಂತಿತು.

"ಇಲ್ಲಿ ಬರ್ರಿ. ನೋಡ್ರಿ. ಇದು ನಾ ಬರದಿದ್ದಲ್ಲ, ಕಂಪನಿಯೋರು ಸೇರಿಸಿದ್ದು. ಕಾಲುವಿ ಬಂದ್ ಅಂತ ಸುದ್ದಿ ಹಾಕಿದ್ರ ಸಾಕು, ಹೆಸರಿದ್ದ ಎಲ್ಲಾ ಹೊಲದೋರಿಗಿ ರದ್ದು ಅಂತ ತಾನ ಫೋನ್ ಹೋಗ್ತದ. ನಡಕ ಯಾವ ಮನಷ್ಯಾನೂ ಇಲ್ರಿ. ಮೂರು ವರ್ಷ ಬೀಗದಾಗಿತ್ತು, ನಾ ಹ್ಯಾಂಗ ನೋಡಲಿ? ಒಡ್ಡು ಒಡದ ಕಡೀ ಹೊಲದೋರಿಗಷ್ಟ ಹೋಗಿರ್ತದ ಅಂದುಕೊಂಡಿದ್ದೆ."

ಅವಳಿಗೆ ಆ ಇಂಗ್ಲಿಷ್ ಸಾಲುಗಳು ಪೂರ್ತಿ ತಿಳಿಯಲಿಲ್ಲ. ಆದರೆ ಆ ಫೋನು ಮಾಡಿದ್ದು ಅವನಲ್ಲವೆಂಬುದು ತಿಳಿಯಿತು. ಎದೆಯ ಮೇಲಿನ ಕಲ್ಲು ಅರ್ಧ ಸರಿಯಿತು, ಇನ್ನರ್ಧ ಅಲ್ಲೇ ಇತ್ತು.

"ಹೊಲದೋರಿಗಿ ಅಂತೀರಿ. ನನಗ ಹೊಲ ಎಲ್ಲದರಿ? ನನ್ನ ನಂಬರು ಅದಕ್ಕ ಹ್ಯಾಂಗ ಗೊತ್ತಾತು?"

ಈಶಪ್ಪ ಕಿಟಕಿಯ ಕೌದಿಯ ಅಂಚು ಹಿಡಿದುಕೊಂಡ.

"ಹೊಲ ಅದರಿ," ಅಂದ. "ದೇವಾಪುರದಾಗ ಅವ್ವನ ಹೆಸರಿಲೆ ಎರಡೆಕರೆ. ಆ ದಿನ ಸಂಜೀಕ ಅವ್ವನ ಫೋನ್ ನಂಬರ್ ತೆಗದು... ನಿಮ್ಮದು ಹಾಕಿದ್ದೆ. ಎರಡು ದಿನಕ್ಕ ನಮ್ಮ ಪಾಳಿ ಇತ್ತು. 'ದೇವಾಪುರದ ಹೊಲದಾಗ ನಿಮ್ಮ ಪಾಳಿ ನಾಳಿ ಮುಂಜಾನಿ' ಅಂತ ನಿಮಗ ಫೋನ್ ಬರ್ತಿತ್ತು. ನಿಮಗ ತಿಳೀತದ, ನಗ್ತೀರಿ ಅಂದುಕೊಂಡಿದ್ದೆ. ಬಾಯಿಲೆ ಕೇಳಾಕ ನನಗ ಬರಂಗಿಲ್ರಿ."

ಮೋನಮ್ಮ ಅಲ್ಲಿದ್ದ ಬೆಂಚಿನ ಮೇಲೆ ಕೂತಳು.

ಇವಳು ಮುಖ ನೋಡಿ ಹೇಳಲಾರದೆ ಮೈಕಿಗೆ ಹೇಳಿದಳು. ಅವನು ಬಾಯಿಬಿಟ್ಟು ಕೇಳಲಾರದೆ ಕಂಪ್ಯೂಟರಿಗೆ ಬರೆದ. ಎಲ್ಲೋ ಒಡೆದ ಒಡ್ಡು ಇಬ್ಬರ ನಡುವೆ ಮೂರು ವರ್ಷ ನಿಂತಿತ್ತು.

"ಅವ್ವ ಇನ್ನೂ ಕೇಳ್ತಾಳ," ಅವನು ಮೆಲ್ಲಗೆ ಅಂದ. "ನನ್ನ ಫೋನಿಗಿ ನೀರಿನ ಹುಡುಗಿ ಯಾಕ ಮಾತಾಡಂಗಿಲ್ಲ ಅಂತ."

ಅಳುತ್ತಿದ್ದವಳಿಗೆ ನಗು ಬಂತು. ಎರಡೂ ಒಟ್ಟಿಗೆ ಬಂದು ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಈಶಪ್ಪ ಕಂಪ್ಯೂಟರಿನ ಕಡೆ ತಿರುಗಿದ. ದನಿಗಳ ಫೋಲ್ಡರ್ ತೆರೆದ. ಕಟ್ಟಕಡೆಗೆ ಅದಿತ್ತು: ಕೊನೀದು.

"ಕೇಳಂಗಿಲ್ರಿ. ಕೇಳದೇ ತೆಗೀತೀನಿ. ನೀವು ಅದಕ್ಕ ಬಂದೀರಿ."

ಬೆರಳು ಗುಂಡಿಯ ಮೇಲಿತ್ತು. ಒಂದು ಸಲ ಒತ್ತಿದರೆ ಅವಳ ಭಯವೆಲ್ಲ ಮುಗಿಯುತ್ತಿತ್ತು. ಬೆಳಿಗ್ಗೆಯಿಂದ ಅವಳು ಬೇಡಿದ್ದೂ ಅದನ್ನೇ.

"ತಡೀರಿ," ಅಂದಳು ಮೋನಮ್ಮ.

ಎದ್ದು ಬಂದು, ಮೇಜಿನ ಮೇಲಿದ್ದ ಹೆಡ್‌ಫೋನನ್ನು ಅವನ ಕೈಗೆ ಕೊಟ್ಟಳು. "ಮೊದಲ ಕೇಳ್ರಿ."

ಅವನು ಕಿವಿಗೆ ಹಾಕಿಕೊಂಡ. ಅವಳು ಕಿಟಕಿಯ ಕಡೆ ತಿರುಗಿ ಕೌದಿಯ ಹೊಲಿಗೆಯ ಮೇಲೆ ಬೆರಳಾಡಿಸುತ್ತ ನಿಂತಳು. ಅಷ್ಟು ಚಿಕ್ಕ ತುಣುಕು ಇಷ್ಟೊತ್ತು ಯಾಕೆ? 'ನಗುತ್ತಾರಾ? ಈಗ ಬೇಡ ಅಂದರೆ? ಕಾಲ ಸರಿದಿದೆ, ಮನಸ್ಸೂ ಸರಿದಿದ್ದರೆ...'

ತಿರುಗಿ ನೋಡಿದಳು. ಈಶಪ್ಪನ ಕಣ್ಣಿಂದ ನೀರು ಇಳಿಯುತ್ತಿತ್ತು. ಅವನು ಅದನ್ನೇ ಮತ್ತೆ ಮೊದಲಿನಿಂದ ಹಚ್ಚಿಕೊಂಡು ಕೇಳುತ್ತಿದ್ದ.

"ಮೈಕ್ ಬಂದ್ ಅದಲ್ಲ?" ಕೇಳಿದಳು ಅವಳು.

"ಅದರಿ."

"ಹಂಗಾದ್ರ ಹೇಳ್ರಿ. ಮೂರು ವರ್ಷದ ಹಿಂದ ಕೇಳಿದ್ದಕ್ಕ ಜವಾಬು ಬೇಕು ನನಗ. ಯಾವಾಗ?"

ಅವನು ಆ ತುಣುಕನ್ನು ಫೋಲ್ಡರಿನಿಂದ ತೆಗೆದು ತನ್ನ ಫೋನಿಗೆ ಹಾಕಿಕೊಂಡ. "ಕೋಡ್ ಊರಿಗಿ. ದನಿ ಊರಿಗಿ. ಇದು ಮಾತ್ರ ಊರಿಗಿಲ್ಲ, ನಂದು," ಅಂದ. ಕಣ್ಣೊರೆಸಿಕೊಂಡು ಅವಳನ್ನು ನೋಡಿದ. "ಈ ತುದಿಯಾಗಿನ ಉಸಿರು ನಾ ಕತ್ತರಿಸಂಗಿಲ್ರಿ."

ಮೋನಮ್ಮ ನಕ್ಕು, ಬಿದ್ದಿದ್ದ ಕುರ್ಚಿಯನ್ನು ಎತ್ತಿ ನಿಲ್ಲಿಸಿದಳು.

"ನಾಳಿ ನಮ್ಮ ಹೊಲಕ್ಕ ನೀರು ಬರ್ತದ," ಅಂದ ಈಶಪ್ಪ. "ಅವ್ವನೂ ಹೊಲದಾಗ ಇರ್ತಾಳ. ಬರ್ತೀರಿ? ನಾಳಿ ಮುಂಜಾನಿ?"

ಅವಳು ಬ್ಯಾಗು ಹೆಗಲಿಗೇರಿಸಿಕೊಂಡು ಬಾಗಿಲಲ್ಲಿ ನಿಂತು ತಿರುಗಿದಳು.

"ನಾಳಿ, ನಾಳಿ ಅಂತ ಊರಿಗೆಲ್ಲ ಹೇಳಿ ಹೇಳಿ ನನಗ ಸಾಕಾಗ್ಯಾದ್ರಿ. ಅವ್ವ ಮನ್ಯಾಗ ಅದಾರಲ್ಲ? ಇವತ್ತ ನಡೀರಿ."